ಗಾಂಧಾರವಿಲ್ಲದ ಕಾರ್ಡುಗಳು

ನಮ್ಮ ಬಾಲಿಕೆಯರು ಗಾನವೃಂದದಲ್ಲಿ ಗಿಟಾರ್ ನುಡಿಸತೊಡಗಿದಂದಿನಿಂದ, ರಾಗದ ಹಾಡುಗಳು ಇದರಿಂದ ಕೆಡುವವೆಂದು ಕೆಲವು ಪಾಲಕರು ಆಕ್ಷೇಪಿಸುತ್ತಿರುವರು. ಇದನ್ನು ನಾವು ಅಲ್ಲಗಳೆಯುವದಿಲ್ಲ. ಕುಂದಗೋಳದ ಸವಾಯಿ ಗಂಧರ್ವರನ್ನೂ (1886–1952) ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರನ್ನೂ (1913–2009) ಕೇಳಿದ ಸೀಮೆಯ ಕಿವಿಗಳಿವು. ಆದರೆ ಕೆಡುಕಿನ ಮೂಲವು ಬಹುಮಟ್ಟಿಗೆ ಒಂದೇ ಸ್ವರದಲ್ಲಿರುವದು, ಅದು ಗಾಂಧಾರ.

ಏಕಕಾಲಕ್ಕೆ ನುಡಿಯುವ ಸ್ವರಗುಚ್ಛಕ್ಕೆ ಕಾರ್ಡ್ ಎನ್ನುವರು. ಸಾಮಾನ್ಯ ಕಾರ್ಡಿನಲ್ಲಿ ಷಡ್ಜ ಪಂಚಮಗಳ ನಡುವೆ ಗಾಂಧಾರವು ಕುಳಿತಿರುತ್ತದೆ. ಭೀಮಪಲಾಸದಲ್ಲಿ ಹಾಡುವವಳು ಕೋಮಲ ಗಾಂಧಾರವನ್ನು ಹಿಡಿದಿರುವಾಗ ನುಡಿಸುವವಳು ಶುದ್ಧ ಗಾಂಧಾರವನ್ನು ಮೀಟಿದರೆ ಕಲಹವಾಗದೆ ಇದ್ದೀತೇ? ಆ ಗಾಂಧಾರವನ್ನು ಎಬ್ಬಿಸಿ ಮಧ್ಯಮವನ್ನು ಕೂಡ್ರಿಸಿದರೆ ಅದು ‘ಸಸ್ಪೆಂಡೆಡ್’, ಎಂದರೆ ತೂಗಿಬಿಟ್ಟ ಕಾರ್ಡ್ ಆಗುವದು.

ಎ ಸ್ವರವನ್ನು, ಅಂದರೆ ಹಾರ್ಮೋನಿಯಮ್ಮಿನ ಬಿಳಿ ಆರನ್ನು, ಷಡ್ಜವೆಂದು ಇಟ್ಟುಕೊಳ್ಳಿರಿ. ಬಾಲಿಕೆಯರ ಕಂಠಕ್ಕೂ ಅದು ಅನುಕೂಲ. ಆರನೆಯ ತಂತಿಯನ್ನು ಮೀಟಬಾರದು. ನಾಲ್ಕನೆಯ, ಮೂರನೆಯ ತಂತಿಗಳನ್ನು ಎರಡನೆಯ ಮೆಟ್ಟಿಲಲ್ಲಿಯೂ ಎರಡನೆಯ ತಂತಿಯನ್ನು ಮೂರನೆಯ ಮೆಟ್ಟಿಲಲ್ಲಿಯೂ ಒತ್ತಿ, ಉಳಿದೆರಡನ್ನು ಒತ್ತದೆ ಮೀಟಬೇಕು. ಎರಡನೆಯ ತಂತಿಯ ಬೆರಳನ್ನು ಒಂದು ಮೆಟ್ಟಿಲು ಇಳಿಸಿದರೆ ಶುದ್ಧ ಗಾಂಧಾರ, ಎರಡು ಇಳಿಸಿದರೆ ಕೋಮಲ. ಇಳಿಸದೆ ತಡೆದಷ್ಟು ಹೊತ್ತು ಕೇಳುವವರ ಮನಸ್ಸು ಆ ಇಳಿತವನ್ನೇ ಕಾಯುತ್ತಿರುವದು. ಒಂದು ಸಂಜೆಯಲ್ಲಿ ಕಲಿಯಬಹುದಾದ ಕೆಲಸವಿದು.

ಇನ್ನು ಓರೆಗೆರೆಯ ಕಾರ್ಡ್. ಗೆರೆಯ ಹಿಂದೆ ಬರೆದದ್ದು ಮೇಲಿನ ಗುಚ್ಛ, ಮುಂದೆ ಬರೆದದ್ದು ತಳದ ಸ್ವರ. ‘ಜಿ/ಎ’ ಎಂದರೆ ಎ ಸ್ವರದ ಮೇಲೆ ಜಿ ಕಾರ್ಡ್. ಐದು ಮತ್ತು ನಾಲ್ಕನೆಯ ತಂತಿಗಳನ್ನು ಒತ್ತದೆ, ಮೂರನೆಯದನ್ನು ನಾಲ್ಕನೆಯ ಮೆಟ್ಟಿಲಲ್ಲಿ, ಕೆಳಗಿನೆರಡನ್ನು ಮೂರನೆಯ ಮೆಟ್ಟಿಲಲ್ಲಿ ಒತ್ತಿ ನುಡಿಸುವದು. ಆಗ ಕೋಮಲ ನಿಷಾದ, ಋಷಭ, ಮಧ್ಯಮಗಳು ಷಡ್ಜದ ಮೇಲೆ ನಿಂತಂತಾಯಿತು. ಹೆಸರು ಪರದೇಶದ್ದಾದರೂ, ಕದಲದ ಷಡ್ಜದ ಮೇಲೆ ಉಳಿದ ಸ್ವರಗಳು ಸಂಚರಿಸುವದನ್ನು ತಂಬೂರಿಯು ನಮಗೆ ಎಂದೋ ಕಲಿಸಿರುತ್ತದೆ. ಗಾಂಧಾರವೇ ಇಲ್ಲದ್ದರಿಂದ ಶುದ್ಧ ಗಾಂಧಾರದ ಖಮಾಜಕ್ಕೂ ಕೋಮಲ ಗಾಂಧಾರದ ಕಾಫಿಗೂ ಇದು ಒಗ್ಗುವದು. ಖಮಾಜ, ಭೀಮಪಲಾಸಗಳ ಆರೋಹದಲ್ಲಿ ಋಷಭವಿಲ್ಲವಷ್ಟೆ. ಅಲ್ಲಿ ಇದನ್ನು ಅವರೋಹಕ್ಕೇ ಇರಿಸಿಕೊಳ್ಳತಕ್ಕದ್ದು.

ಎಲ್ಲ ರಾಗಗಳಿಗೂ ಇವು ಸಲ್ಲವು. ಭೂಪದಲ್ಲಿ ಮಧ್ಯಮವೇ ವರ್ಜ್ಯ. ಮೊದಲು ಹೇಳಿದ ಕಾರ್ಡಿನಲ್ಲಿ ಎರಡನೆಯ ತಂತಿಯನ್ನು ಒತ್ತದೆ ಬಿಟ್ಟರೆ ಮಧ್ಯಮದ ಬದಲಿಗೆ ಋಷಭವು ದೊರೆಯುವದು. ಮಾಲಕಂಸದಲ್ಲಿಯೋ ಋಷಭ ಪಂಚಮಗಳೆರಡೂ ಇಲ್ಲ. ತಂಬೂರಿಯನ್ನು ಸಹ ಮಧ್ಯಮಕ್ಕೆ ಶ್ರುತಿಗೊಳಿಸುವ ಆ ರಾಗದಲ್ಲಿ ಗಿಟಾರ್ ಸುಮ್ಮನಿರುವದೇ ಲೇಸೆಂದು ನಮ್ಮ ಮತ.