ಚಿಕ್ಕ ಟ್ರಾಕ್ಟರಿಗೆ ಹಿಂಬದಿ ಬ್ಲೇಡು: ಕೊಳ್ಳುವ ಮುನ್ನ, ಕಟ್ಟುವ ಮುನ್ನ

ಎತ್ತಿನ ಜೋಡಿ ಸಾಕುವುದು ದುಬಾರಿಯಾದ ಮೇಲೆ ಮೊಳಕಾಲ್ಮುರು, ಚಳ್ಳಕೆರೆ ಸೀಮೆಯಲ್ಲೂ 15ರಿಂದ 28 ಅಶ್ವಶಕ್ತಿಯ ಚಿಕ್ಕ ಟ್ರಾಕ್ಟರು ಕೊಂಡ ರೈತರಿದ್ದಾರೆ. ರಂಟೆ, ಕಲ್ಟಿವೇಟರು, ಕೂರಿಗೆ ಎಲ್ಲ ಆದ ಬಳಿಕ ಬಹಳ ಮಂದಿಯ ಕಣ್ಣು ಬೀಳುವುದು ಹಿಂಬದಿಗೆ ಕಟ್ಟುವ ಬ್ಲೇಡಿನ ಮೇಲೆ. ಒಡೆದ ಬದು ಕಟ್ಟಲು, ಕೆರೆಯ ಗೋಡು ಹರಡಲು, ಬಂಡಿ ದಾರಿ ಸರಿಮಾಡಲು, ಕಣ ಕೆರೆಯಲು ಇದು ಒಳ್ಳೆಯ ಉಪಕರಣವೇ ಸರಿ. ಆದರೆ ಅಂಗಡಿಯಲ್ಲಿ ಕಣ್ಣಿಗೆ ಚೆಂದ ಕಂಡ ಬ್ಲೇಡು ನಿಮ್ಮ ಟ್ರಾಕ್ಟರಿಗೂ ನಿಮ್ಮ ಹೊಲಕ್ಕೂ ಹೊಂದುತ್ತದೆ ಎಂದೇನೂ ಇಲ್ಲ.

ಮೊದಲು ಹೊಲದ ಮಾತು. ರಾಂಪುರದ ಕಡೆ ಮಳೆ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು. ಕೆಲವು ವರ್ಷ ಅದೂ ಇಲ್ಲ. ಶೇಂಗಾ ಬೆಳೆಯುವ ಕೆಂಪು ಮಸಾರಿ ಹೊಲಗಳಲ್ಲಿ ಮೇಲಿನ ಒಳ್ಳೆಯ ಮಣ್ಣು ಎಷ್ಟೋ ಕಡೆ ಒಂದು ಗೇಣು ಮಾತ್ರ. ಅದರ ಕೆಳಗೆ ಗರಸು. ಅಂಥ ಹೊಲಕ್ಕೆ ಬ್ಲೇಡು ಇಳಿಸಿ, ನೋಡಲು ಚಾಪೆಯಂತಿರಲಿ ಎಂದು ದಿಣ್ಣೆಯ ತಲೆ ಕೆರೆದರೆ, ದಿಣ್ಣೆ ಇದ್ದ ಜಾಗದಲ್ಲಿ ಗರಸು ಮೇಲೆ ಬರುತ್ತದೆ. ಶೇಂಗಾ ಕಾಯಿ ಇಳಿಸುವುದಕ್ಕೆ ಸಡಿಲ ಮಣ್ಣು ಬೇಕು. ಗರಸಿನಲ್ಲಿ ಇಳಿಸುವುದಾದರೂ ಎಲ್ಲಿ?

ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಣ್ಣು ಎಂದರೆ 3630 ಘನ ಅಡಿ. 100 ಘನ ಅಡಿ ಹಿಡಿಯುವ ಟ್ರೇಲರಿನಲ್ಲಿ 36 ಲೋಡು. ಬೇಸಿಗೆಯಲ್ಲಿ ಕೆರೆಯಂಗಳದಿಂದ ಗೋಡು ಹೊಡೆದವರಿಗೆ 36 ಲೋಡು ಎಂದರೆ ಎಷ್ಟು ದುಡ್ಡು, ಎಷ್ಟು ದಿನದ ದುಡಿಮೆ ಎಂದು ಹೇಳಬೇಕಾಗಿಲ್ಲ. ಅಷ್ಟನ್ನು ಬ್ಲೇಡು ಒಂದೆರಡು ದಿನದಲ್ಲಿ ಹೊಲದ ಒಂದು ಮೂಲೆಗೆ ತಳ್ಳಿಬಿಡಬಲ್ಲದು. ಆದ್ದರಿಂದ ಬ್ಲೇಡು ಕೊಳ್ಳುವವರು ತಮಗಿರುವ ಕೆಲಸ ಬದು, ಗೋಡು, ದಾರಿ, ಕಾಲುವೆಯದೋ ಅಥವಾ ಇಡೀ ಹೊಲ ಮಟ್ಟ ಮಾಡುವುದೋ ಎಂದು ಮೊದಲು ತೀರ್ಮಾನಿಸಿಕೊಳ್ಳಲಿ. ಇಳಿಜಾರು ಹೊಲವನ್ನು ಪೂರ್ತಿ ಮಟ್ಟ ಮಾಡುವುದು ಚಿಕ್ಕ ಟ್ರಾಕ್ಟರಿನ ಕೆಲಸವೂ ಅಲ್ಲ, ತೆಳು ಮಣ್ಣಿನ ಹೊಲಕ್ಕೆ ಹಿತವೂ ಅಲ್ಲ. ನೀರು ನಿಲ್ಲಿಸುವ ಕೆಲಸ ಬದುವಿನದು.

ಅಗಲ ಎಷ್ಟಿರಬೇಕು?

ಅಗಲ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ. ನೀವು ಟೇಪು ಹಿಡಿದು ಹಿಂದಿನ ಎರಡು ಗಾಲಿಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ಬ್ಲೇಡು ಓರೆಯಾಗಿ ನಿಂತಾಗಲೂ ಈ ಅಳತೆಯನ್ನು ಮುಚ್ಚಬೇಕು. ಇಲ್ಲವಾದರೆ ಹಸನು ಮಾಡಿದ ಮಣ್ಣಿನ ಮೇಲೆ ಗಾಲಿಯ ಗುರುತು ಉಳಿಯುತ್ತದೆ. ಓರೆ ಮಾಡಿದಂತೆಲ್ಲ ಬ್ಲೇಡಿನ ಅಗಲ ಕುಗ್ಗುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. 4 ಅಡಿಯ ಬ್ಲೇಡು 30 ಡಿಗ್ರಿ ಓರೆಗೆ ಸುಮಾರು 3 ಅಡಿ 5 ಅಂಗುಲ ಆಗುತ್ತದೆ. 45 ಡಿಗ್ರಿಗೆ 2 ಅಡಿ 10 ಅಂಗುಲಕ್ಕೆ ಇಳಿಯುತ್ತದೆ. 5 ಅಡಿಯದು 45 ಡಿಗ್ರಿಗೆ 3 ಅಡಿ 6 ಅಂಗುಲ.

ಗಾಲಿಯ ಹೊರ ಅಳತೆ 3 ಅಡಿಯ ಸುತ್ತಮುತ್ತ ಇರುವ 15–20 ಅಶ್ವಶಕ್ತಿಯ ಟ್ರಾಕ್ಟರಿಗೆ 4ರಿಂದ 4½ ಅಡಿಯ ಬ್ಲೇಡು ಸಾಕು. 24ರಿಂದ 28 ಅಶ್ವಶಕ್ತಿಯದಕ್ಕೆ 5 ಅಡಿ. ಅದಕ್ಕಿಂತ ದೊಡ್ಡದು ಕಟ್ಟಿದರೆ ಮಣ್ಣು ತುಂಬಿದೊಡನೆ ಗಾಲಿ ತಿರುಗುತ್ತ ನಿಂತಲ್ಲೇ ಗುಂಡಿ ತೋಡುತ್ತದೆ.

ತೂಕದ್ದು ಬೇರೆಯೇ ಸಮಸ್ಯೆ. ಟ್ರಾಕ್ಟರಿನ ಹೈಡ್ರಾಲಿಕ್ ತೋಳುಗಳು ಉಪಕರಣವನ್ನು ಮೇಲೆತ್ತುತ್ತವೆಯೇ ಹೊರತು ಕೆಳಕ್ಕೆ ಒತ್ತುವುದಿಲ್ಲ. ಹಾಗಾಗಿ ಬ್ಲೇಡು ನೆಲ ಕಚ್ಚುವುದು ತನ್ನ ಭಾರದಿಂದಲೇ. ತೀರ ಹಗುರವಾದದ್ದು ಗಟ್ಟಿ ನೆಲದ ಮೇಲೆ ಜಾರುತ್ತ ಬರುತ್ತದೆ. ಭಾರವಾದದ್ದನ್ನು ಎತ್ತಿದರೆ ಟ್ರಾಕ್ಟರಿನ ಮೂತಿ ಮೇಲೇಳುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಚಿಕ್ಕ ಟ್ರಾಕ್ಟರುಗಳ ಎತ್ತುವ ಶಕ್ತಿ ಸಾಮಾನ್ಯವಾಗಿ 500ರಿಂದ 750 ಕಿಲೋ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಅದು ತೋಳಿನ ತುದಿಯಲ್ಲಿ ಅಳೆದ ಲೆಕ್ಕ. ಬ್ಲೇಡಿನ ಭಾರ ತೋಳಿನಿಂದ ಇನ್ನೂ ಹಿಂದಕ್ಕೆ ಇರುವುದರಿಂದ ಅಷ್ಟು ಶಕ್ತಿ ನಿಮಗೆ ದಕ್ಕುವುದಿಲ್ಲ. 4ರಿಂದ 5 ಅಡಿಯ ಬ್ಲೇಡು 100ರಿಂದ 150 ಕಿಲೋ ಇದ್ದರೆ ಹದ.

ಅನುಮಾನವಿದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಹತ್ತಿರದ ವೇ ಬ್ರಿಡ್ಜಿಗೆ ಹೋಗಿ ಬ್ಲೇಡು ಸಮೇತ ಇಡೀ ಟ್ರಾಕ್ಟರನ್ನು ತೂಗಿಸಿ. ಆಮೇಲೆ ಬ್ಲೇಡು ಪೂರ್ತಿ ಎತ್ತಿ, ಮುಂದಿನ ಗಾಲಿಗಳನ್ನು ಮಾತ್ರ ಕಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿ. ಒಟ್ಟು ತೂಕದ ಐದನೇ ಒಂದು ಪಾಲಾದರೂ ಮುಂದಿನ ಗಾಲಿಗಳ ಮೇಲಿರಬೇಕು. ಕಡಮೆ ಬಂದರೆ ಮೂತಿಗೆ ಕಬ್ಬಿಣದ ತೂಕ ಹಾಕಿಸಬೇಕು.

ಹೈಡ್ರಾಲಿಕ್ ಎಷ್ಟು ಬೇಕು?

ಬ್ಲೇಡಿಗೆ ಮೂರು ಬಗೆಯ ಚಲನೆ ಇದೆ. ಒಂದು ತುದಿ ಮುಂದೆ, ಒಂದು ತುದಿ ಹಿಂದೆ ಬರುವಂತೆ ತಿರುಗುವುದು ಓರೆ. ಒಂದು ತುದಿ ತಗ್ಗಿ, ಇನ್ನೊಂದು ಏರುವುದು ವಾಲು. ಇಡೀ ಬ್ಲೇಡು ಎಡಕ್ಕೋ ಬಲಕ್ಕೋ ಸರಿಯುವುದು ಮೂರನೆಯದು. ಸಾದಾ ಬ್ಲೇಡಿನಲ್ಲಿ ಈ ಕೆಲಸಕ್ಕೆಲ್ಲ ಇಳಿದು ಪಿನ್ನು ಕಿತ್ತು ಹಾಕಬೇಕು. ಹೈಡ್ರಾಲಿಕ್ ಬ್ಲೇಡಿನಲ್ಲಿ ಪ್ರತಿ ಚಲನೆಗೂ ಒಂದು ಸಿಲಿಂಡರು. ಸೀಟಿನ ಮೇಲೆ ಕೂತೇ ತಿರುಗಿಸಬಹುದು.

ಇಲ್ಲಿಯೇ ಜನ ಮೋಸ ಹೋಗುವುದು. ಇಂಥ ಸಿಲಿಂಡರು ಎರಡು ಕಡೆಗೂ ತಳ್ಳುವಂಥದು. ಒಂದೊಂದಕ್ಕೂ ಎರಡು ಪೈಪು, ಒಂದು ಲೀವರು ಬೇಕು. ಮೂರೂ ಚಲನೆಗೆ ಆರು ಪೈಪು, ಮೂರು ಲೀವರು. ಚಿಕ್ಕ ಟ್ರಾಕ್ಟರುಗಳಲ್ಲಿ ಹಿಂದೆ ಎಣ್ಣೆ ಹೊರಗೆ ತೆಗೆಯುವ ಬಾಯಿ ಒಂದೇ ಇರುವುದುಂಟು, ಇಲ್ಲದೆಯೂ ಇರಬಹುದು. ಟ್ರೇಲರು ಎತ್ತುವ ಟಿಪ್ಪಿಂಗ್ ಪಾಯಿಂಟನ್ನು ತೋರಿಸಿ ‘ಇದಕ್ಕೇ ಹಾಕಿದರಾಯಿತು’ ಎನ್ನುವವರಿದ್ದಾರೆ. ಟಿಪ್ಪಿಂಗ್ ಪಾಯಿಂಟು ಒಂದು ಕಡೆಗೆ ಮಾತ್ರ ತಳ್ಳುತ್ತದೆ. ಟ್ರೇಲರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಓರೆ ತಿರುಗಿದ ಬ್ಲೇಡು ತಾನಾಗಿ ಹಿಂದಕ್ಕೆ ಬರುವುದಿಲ್ಲ. ‘ಡಬಲ್ ಆಕ್ಟಿಂಗ್ ವಾಲ್ವು ಇದೆಯೇ, ಇಲ್ಲದಿದ್ದರೆ ಈ ಮಾಡೆಲ್ಲಿಗೆ ಹಾಕಲು ಬರುತ್ತದೆಯೇ, ಖರ್ಚೆಷ್ಟು’ ಎಂದು ಟ್ರಾಕ್ಟರಿನ ಡೀಲರನ್ನೇ ಕೇಳಿ, ಬರೆಸಿಕೊಳ್ಳಿ. ಬ್ಲೇಡು ಮಾರುವವನ ಮಾತು ಸಾಲದು.

ಒಂದೇ ವಾಲ್ವಿಗೆ ದುಡ್ಡಿದ್ದರೆ ಯಾವ ಚಲನೆಗೆ ಹಾಕಿಸಬೇಕು? ನನ್ನ ಅಭಿಪ್ರಾಯದಲ್ಲಿ ಓರೆಗೆ. ಬದುವಿನ ಪಕ್ಕ ಹೋಗುತ್ತ ಬಲಕ್ಕೆ ಮಣ್ಣು ಸರಿಸಿದಿರಿ ಎನ್ನಿ. ತಿರುಗಿ ಬರುವಾಗ ಅದೇ ಬದುವಿಗೆ ಮಣ್ಣು ಬೀಳಬೇಕಾದರೆ ಎಡಕ್ಕೆ ಸರಿಸಬೇಕು. ಪ್ರತಿ ಸಾಲಿನ ಕೊನೆಗೂ ಓರೆ ಬದಲಾಗಲೇಬೇಕು, ಇಲ್ಲವೇ ಬರಿದೇ ತಿರುಗಿ ಬರಬೇಕು. ವಾಲು ಹಾಗಲ್ಲ, ಒಮ್ಮೆ ಇಟ್ಟರೆ ಆ ಕೆಲಸ ಮುಗಿಯುವ ತನಕ ನಡೆಯುತ್ತದೆ. ಅದಕ್ಕೆ ಬಲಗಡೆಯ ಲಿಫ್ಟ್ ರಾಡಿನಲ್ಲಿರುವ ತಿರುಗುಹಿಡಿಯೇ ಸಾಕು: ರಾಡು ಉದ್ದ ಮಾಡಿದರೆ ಬಲತುದಿ ತಗ್ಗುತ್ತದೆ, ಗಿಡ್ಡ ಮಾಡಿದರೆ ಏಳುತ್ತದೆ. ಪಕ್ಕಕ್ಕೆ ಸರಿಸುವುದಂತೂ ವರ್ಷಕ್ಕೆ ಎರಡು ಸಲವೋ ಮೂರು ಸಲವೋ. ಮೂರು ಲೀವರಿನ ಬ್ಲೇಡನ್ನು ಅಂಗಡಿಯ ಮುಂದೆ ಸರ್ಕಸ್ಸಿನಂತೆ ತಿರುಗಿಸಿ ತೋರಿಸುತ್ತಾರೆ. ಆ ಆಟಕ್ಕೆ ದುಡ್ಡು ಕೊಡುವವರು ನೀವು. ವರ್ಷದಲ್ಲಿ ನಾಲ್ಕು ದಿನದ ಕೆಲಸ ಮಾತ್ರ ಇರುವವರಿಗೆ ಪಿನ್ನಿನ ಬ್ಲೇಡೇ ಸಾಕು. ಇಲ್ಲವೇ ಮೂರು ನಾಲ್ಕು ಮನೆಯವರು ಸೇರಿ ಒಂದು ಕೊಳ್ಳಬಹುದು.

ಕೊಳ್ಳುವಾಗ ಕಣ್ಣಿಟ್ಟು ನೋಡಬೇಕಾದ್ದು ಬಣ್ಣವನ್ನಲ್ಲ, ಬ್ಲೇಡು ತಿರುಗುವ ತಟ್ಟೆಯನ್ನು. ತಟ್ಟೆ ದಪ್ಪವಿರಲಿ, ಪಿನ್ನು ಅಲುಗದೆ ಕೂರಲಿ. ಇಂದು ಸ್ವಲ್ಪ ಅಲುಗುವ ಪಿನ್ನಿನ ತೂತು ಒಂದೆರಡು ಹಂಗಾಮಿನಲ್ಲಿ ಮೊಟ್ಟೆಯಾಕಾರ ತಾಳುತ್ತದೆ. ನೆಲ ಕೆರೆಯುವ ಅಂಚು ಬೋಲ್ಟಿನಿಂದ ಕೂರಿಸಿದ್ದಾಗಿರಲಿ, ಬೆಸುಗೆ ಹಾಕಿದ್ದು ಬೇಡ. ಮೂರು ಕೊಂಡಿಗಳ ಅಳತೆಯೂ ಮುಖ್ಯ. 1939ರಲ್ಲಿ ಹ್ಯಾರಿ ಫರ್ಗುಸನ್ ಎಂಬ ಐರ್ಲೆಂಡಿನವನು ಫೋರ್ಡ್ ಟ್ರಾಕ್ಟರಿನೊಡನೆ ಮಾರುಕಟ್ಟೆಗೆ ತಂದ ಈ ಮೂರು ಕೊಂಡಿಯ ಏರ್ಪಾಟೇ ಇಂದು ಎಲ್ಲೆಡೆ ನಡೆಯುತ್ತಿರುವುದು. ಆದರೆ ಗಾತ್ರದಲ್ಲಿ ವರ್ಗಗಳಿವೆ. ಒಂದನೇ ವರ್ಗದಲ್ಲಿ ಕೆಳಗಿನ ಪಿನ್ನು 22 ಮಿಲಿಮೀಟರು, ಮೇಲಿನದು 19. ತೀರ ಚಿಕ್ಕ ಟ್ರಾಕ್ಟರುಗಳಲ್ಲಿ ಪಿನ್ನು ಅದೇ ಗಾತ್ರದ್ದಾಗಿದ್ದರೂ ಎರಡು ತೋಳುಗಳ ನಡುವಿನ ಅಂತರ ಕಿರಿದಾಗಿರುತ್ತದೆ. ದೊಡ್ಡ ಟ್ರಾಕ್ಟರಿನ ಬ್ಲೇಡು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕೊಂಡಿ ಕೂರದೆ ವೆಲ್ಡಿಂಗ್ ಷಾಪಿಗೆ ಅಲೆಯಬೇಕಾದೀತು.

ಕಟ್ಟಿ ಹೊಂದಿಸುವ ಬಗೆ

ಮಟ್ಟವಾದ ಕಣವೋ ಸಿಮೆಂಟಿನ ಅಂಗಳವೋ ನೋಡಿಕೊಳ್ಳಿ. ಹಿಂದಿನ ಎರಡು ಗಾಲಿಗಳ ಗಾಳಿ ಸಮ ಇರಲಿ. ಮೊದಲು ಎಡ ತೋಳು, ಆಮೇಲೆ ಬಲ ತೋಳು, ಕೊನೆಗೆ ಮೇಲಿನ ಟಾಪ್ ಲಿಂಕು. ಬಲ ತೋಳನ್ನು ಹಿಡಿ ತಿರುಗಿಸಿ ಏರಿಸಿ ಇಳಿಸಬಹುದಾದ್ದರಿಂದ ಈ ಕ್ರಮ ಸುಲಭ. ಬ್ಲೇಡನ್ನು ಓರೆಯಿಲ್ಲದೆ ನೇರ ನಿಲ್ಲಿಸಿ, ನೆಲದಿಂದ ನಾಲ್ಕು ಬೆರಳು ಎತ್ತಿ ಎರಡೂ ತುದಿಯನ್ನು ಅಳೆದು ಸಮ ಮಾಡಿ. ಪಕ್ಕದ ಸರಪಳಿ ಬಿಗಿಮಾಡಿ. ಅಂಗುಲದಷ್ಟು ಆಟ ಸಾಕು. ಸರಪಳಿ ಸಡಿಲವಿದ್ದರೆ ಓರೆ ಬ್ಲೇಡು ಮಣ್ಣಿನ ಒತ್ತಡಕ್ಕೆ ಸರಿದು ಗಾಲಿಗೆ ತಾಗುತ್ತದೆ.

ಟಾಪ್ ಲಿಂಕಿನ ವಿಷಯದಲ್ಲಿ ರಂಟೆಯ ಅಭ್ಯಾಸ ಇಲ್ಲಿ ನಡೆಯದು. ರಂಟೆಗೆ ಟಾಪ್ ಲಿಂಕು ಗಿಡ್ಡ ಮಾಡಿದರೆ ಮೊನೆ ಬಾಗಿ ಆಳಕ್ಕೆ ಹೋಗುತ್ತದೆ. ಬ್ಲೇಡಿಗೆ ಅದು ತಿರುವುಮುರುವು. ಟಾಪ್ ಲಿಂಕು ಉದ್ದ ಮಾಡಿದರೆ ಬ್ಲೇಡಿನ ತಲೆ ಹಿಂದಕ್ಕೆ ಒರಗಿ, ಅಂಚು ಮುಂದಕ್ಕೆ ಚಾಚಿ, ಬಡಗಿಯ ಉಳಿಯಂತೆ ನೆಲ ಕಚ್ಚುತ್ತದೆ. ಗಿಡ್ಡ ಮಾಡಿದರೆ ಬ್ಲೇಡು ನೆಟ್ಟಗೆ ನಿಂತು ಮೇಲೆ ಮೇಲೆ ಸವರುತ್ತದೆ. ಕುಂಟೆಯ ತಾಳು ನೆಟ್ಟಗಿದ್ದರೆ ಏನಾಗುತ್ತದೆ, ಒರಗಿದ್ದರೆ ಏನಾಗುತ್ತದೆ ಎಂದು ಬಲ್ಲವರಿಗೆ ಪಕ್ಕದಿಂದ ಒಮ್ಮೆ ಬಗ್ಗಿ ನೋಡಿದರೆ ಅರ್ಥವಾಗುತ್ತದೆ. ಗೋಡು ಹರಡಲು ನೆಟ್ಟಗೆ, ಗಟ್ಟಿ ದಾರಿ ಕೆರೆಯಲು ಒರಗಿಸಿ ಇಡಿ. ಎತ್ತುವ ಲೀವರು ಎರಡಿದ್ದರೆ ಪೊಸಿಷನ್ ಲೀವರನ್ನೇ ಬಳಸಿ. ಡ್ರಾಫ್ಟ್ ಲೀವರಿನಲ್ಲಿ ಮಣ್ಣಿನ ಭಾರ ಬಂದಾಗಲೆಲ್ಲ ಬ್ಲೇಡು ತಾನೇ ಎದ್ದು ನೆಲ ಅಲೆಯಲೆಯಾಗುತ್ತದೆ.

ಪೈಪು ಜೋಡಿಸುವ ಮುನ್ನ ಕಪ್ಲರಿನ ಬಾಯನ್ನು ಚೊಕ್ಕ ಬಟ್ಟೆಯಿಂದ ಒರೆಸಿ; ನಮ್ಮ ಧೂಳು ವಾಲ್ವಿಗೆ ಶತ್ರು. ಪೈಪನ್ನು ಬಿಗಿದು ಕಟ್ಟುವ ಮುಂಚೆ ಬ್ಲೇಡನ್ನು ಪೂರ್ತಿ ಎತ್ತಿ, ಪೂರ್ತಿ ಇಳಿಸಿ, ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಪೈಪು ಎಲ್ಲಿಯೂ ಎಳೆಯದಂತೆ, ಗಾಲಿಗೆ ಉಜ್ಜದಂತೆ ನೋಡಿ. ಸಿಲಿಂಡರನ್ನು ನಾಲ್ಕಾರು ಸಲ ಆಡಿಸಿ ಗಾಳಿ ಹೋಗಲು ಬಿಡಿ. ಸಿಲಿಂಡರು ಕುಡಿದಷ್ಟು ಎಣ್ಣೆ ಟ್ರಾಕ್ಟರಿನಲ್ಲಿ ಕಡಮೆಯಾಗಿರುತ್ತದೆ; ಅಳತೆಕಡ್ಡಿ ನೋಡಿ ತುಂಬಿಸಿ. ಲೀವರು ಎಡಕ್ಕೆ ಒತ್ತಿದರೆ ಬ್ಲೇಡು ಬಲಕ್ಕೆ ತಿರುಗಿದರೆ ಗಾಬರಿ ಬೇಡ, ಎರಡು ಪೈಪು ಅದಲು ಬದಲು ಮಾಡಿ. ಎಣ್ಣೆ ಚಿಮ್ಮುತ್ತಿದೆಯೇ ಎಂದು ಎಂದಿಗೂ ಕೈಯಿಂದ ಸವರಿ ನೋಡಬೇಡಿ. ಸೂಜಿಯಷ್ಟು ತೂತಿನಿಂದ ಬರುವ ಎಣ್ಣೆಯ ಒತ್ತಡ ಚರ್ಮ ಸೀಳಿ ಒಳಹೊಗುತ್ತದೆ. ಹಾಗಾದರೆ ಗಾಯ ಚಿಕ್ಕದೆಂದು ಮನೆಯಲ್ಲಿ ಕೂರದೆ ತಡಮಾಡದೆ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿಯಿರಿ.

ಹೊಲದಲ್ಲಿ

ಭರಣಿ ಮಳೆ ಬಿದ್ದು ಎರಡು ಮೂರು ದಿನ ಕಳೆದು, ಮಣ್ಣು ಮುಷ್ಟಿಗೆ ಅಂಟದೆ ಪುಡಿಯಾಗುವ ಹದದಲ್ಲಿ ಕೆಲಸ ಹಿಡಿಯುವುದು ಒಳ್ಳೆಯದು. ಒಣಗಿ ಕಲ್ಲಾದ ನೆಲಕ್ಕೆ ನೇರವಾಗಿ ಬ್ಲೇಡು ಹಾಕದೆ, ಮೊದಲು ಕಲ್ಟಿವೇಟರು ಹೊಡೆದು ಸಡಿಲ ಮಾಡಿಕೊಳ್ಳಿ. ಎರೆ ಹೊಲಕ್ಕೆ ಹಸಿಯಲ್ಲಿ ಇಳಿಸಲೇಬೇಡಿ. ವೇಗ ಮನುಷ್ಯ ನಡೆಯುವಷ್ಟೇ ಇರಲಿ. ಈ ಸೀಮೆಯ ನೆಲದಲ್ಲಿ ಹೂತ ಬಂಡೆ ಎಲ್ಲಿ ಎದುರಾಗುತ್ತದೆಂದು ಹೇಳಲಾಗದು, ವೇಗದಲ್ಲಿ ತಾಗಿದರೆ ತಟ್ಟೆಯೋ ತೋಳೋ ಬಾಗುತ್ತದೆ. ಹಿಂದಕ್ಕೆ ನೂಕುವ ಕೆಲಸಕ್ಕೆ ಸಡಿಲ ಮಣ್ಣು ಮಾತ್ರ. ತೋಳುಗಳನ್ನು ಮಾಡಿರುವುದು ಎಳೆಯುವುದಕ್ಕೆ.

ಬದು ಕಟ್ಟುವಾಗ 30 ಡಿಗ್ರಿ ಓರೆಯಲ್ಲಿ, ಒಂದು ಸಲಕ್ಕೆ ಎರಡು ಅಂಗುಲಕ್ಕಿಂತ ಹೆಚ್ಚು ತೆಗೆಯದೆ, ನಾಲ್ಕಾರು ಸುತ್ತಿನಲ್ಲಿ ಮಣ್ಣು ಏರಿಸಿ. ಮಣ್ಣನ್ನು ಅಗಲ ಪಟ್ಟೆಯಿಂದ ತೆಳ್ಳಗೆ ತನ್ನಿ. ಬದುವಿನ ಬುಡದಲ್ಲಿ ಉದ್ದಕ್ಕೂ ಒಂದೇ ಆಳದ ಸಾಲು ಬಿಟ್ಟರೆ ಮೊದಲ ದೊಡ್ಡ ಮಳೆಗೆ ಅದೇ ಹಳ್ಳವಾಗಿ ಬದುವನ್ನೇ ಕೊರೆಯುತ್ತದೆ. ಸಾಲು ಬಿದ್ದಿದ್ದರೆ ಮಾರು ಮಾರಿಗೆ ಅಡ್ಡಗಟ್ಟು ಉಳಿಸಿ. ಹೆಚ್ಚಿನ ನೀರು ಹೋಗುವ ಕೋಡಿಯನ್ನು ಮುಚ್ಚಬೇಡಿ. ಬದುವಿನ ಇಳಿಜಾರಿಗೆ ಗಾಲಿ ಹತ್ತಿಸಲೂ ಬೇಡಿ, ಚಿಕ್ಕ ಟ್ರಾಕ್ಟರು ಮಗುಚುವುದು ಅಲ್ಲಿಯೇ. ಗೋಡಿನ ರಾಶಿ ಹರಡುವಾಗ ಅಂಚನ್ನು ನೆಲದಿಂದ ಎರಡು ಬೆರಳು ಮೇಲಿಟ್ಟರೆ ಗೋಡು ಮಾತ್ರ ಹರಡುತ್ತದೆ, ಕೆಳಗಿನ ಮಣ್ಣು ಕದಲುವುದಿಲ್ಲ.

ದಾರಿಯಲ್ಲಿ ಹೋಗುವಾಗ ಬ್ಲೇಡು ನೇರಕ್ಕೆ ತಿರುಗಿರಲಿ; ಪಕ್ಕಕ್ಕೆ ಚಾಚಿದ ಬ್ಲೇಡು ಬಳ್ಳಾರಿ ರಸ್ತೆಯಲ್ಲಿ ಬೈಕಿನವರ ಕಾಲಿಗೆ ಕತ್ತಿ. ನಿಲ್ಲಿಸಿದಾಗ ನೆಲಕ್ಕೆ ಇಳಿಸಿಯೇ ಇಳಿಯಿರಿ, ಎತ್ತಿದ ಬ್ಲೇಡಿನ ಕೆಳಗೆ ಮಕ್ಕಳು ನುಸುಳದಿರಲಿ.

ಸಹಾಯಧನದ ಆಸೆ ಇದ್ದವರು ಕೊಳ್ಳುವ ಮೊದಲೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಮಣ್ಣಿನ ಆಳ, ಬದುವಿನ ಅಂತರದ ಬಗ್ಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬಹುದು.

ಹೊಸ ಬ್ಲೇಡಿನ ಬೋಲ್ಟುಗಳನ್ನು ಮೊದಲ ದಿನದ ಕೆಲಸ ಮುಗಿದೊಡನೆ ಮತ್ತೊಮ್ಮೆ ಬಿಗಿ ಮಾಡಿ. ಕೆಳಗಿನ ಅಂಚು ಸವೆದು ಬೋಲ್ಟಿನ ತಲೆಗೆ ಒಂದು ಬೆರಳು ಉಳಿದಾಗ ಬಿಚ್ಚಿ ತಲೆಕೆಳಗು ಮಾಡಿ ಹಾಕಿದರೆ ಇನ್ನೊಂದು ಬದಿಯೂ ಅಷ್ಟೇ ದಿನ ಬರುತ್ತದೆ. ಅಲ್ಲಿಯ ತನಕ ಬಿಟ್ಟರೆ ಸವೆಯುವುದು ಬ್ಲೇಡಿನ ಮೈಯೇ.