ಜೇಬಿನೊಳಗಿನ ಯುದ್ಧ: ಮಕ್ಕಳೊಂದಿಗೆ ಕುಳಿತು ನೋಡಬೇಕಾದ ಆರು ಕಂತುಗಳು

ಕಾರ್ಟೂನ್ ಎಂದರೆ ಮಕ್ಕಳನ್ನು ಕೂರಿಸಿ ಅಡುಗೆ ಕೆಲಸ ಮುಗಿಸಿಕೊಳ್ಳಲು ಇರುವ ಒಂದು ಉಪಾಯ ಎಂದೇ ನಮ್ಮಲ್ಲಿ ಬಹಳಷ್ಟು ತಾಯಂದಿರು ಭಾವಿಸಿದ್ದಾರೆ. ಮಗು ಸದ್ದಿಲ್ಲದೆ ಕುಳಿತಿದ್ದರೆ ಸಾಕು, ಏನು ನೋಡುತ್ತಿದೆ ಎಂದು ಇಣುಕುವವರು ಕಡಿಮೆ. ಪೋಕೆಮಾನ್, ಡೋರೇಮಾನ್‌ಗಳ ಹೆಸರು ನಮ್ಮ ಮನೆಗಳ ನಾಲ್ಕು ವರ್ಷದ ಕೂಸಿಗೂ ಗೊತ್ತು. ಆದರೆ ಅವು ಜಪಾನಿನಿಂದ ಬಂದವು, ಅಲ್ಲಿ ಇಂತಹ ಚಿತ್ರಗಳಿಗೆ 'ಅನಿಮೆ' ಎನ್ನುತ್ತಾರೆ, ದೊಡ್ಡವರಿಗಾಗಿಯೂ ಗಂಭೀರವಾದ ಅನಿಮೆಗಳು ತಯಾರಾಗುತ್ತವೆ ಎಂಬುದು ತಿಳಿದವರು ಎಷ್ಟು ಮಂದಿ?

ಅನಿಮೆಯಲ್ಲಿ 'ಮೆಕಾ' ಎಂಬ ಒಂದು ಬಗೆ ಇದೆ. ಮನುಷ್ಯನು ಒಳಗೆ ಕುಳಿತು ನಡೆಸುವ ದೈತ್ಯ ಯಂತ್ರಗಳ ಕಥೆಗಳು ಅವು. 1972ರಲ್ಲಿ ಬಂದ 'ಮಾಜಿಂಗರ್ ಝಡ್' ಈ ಬಗೆಯನ್ನು ಜನಪ್ರಿಯಗೊಳಿಸಿತು. ಒಳ್ಳೆಯವನ ರೋಬೋಟ್, ಕೆಟ್ಟವನ ರೋಬೋಟ್, ವಾರಕ್ಕೊಂದು ಹೊಡೆದಾಟ. ಮರುದಿನ ಅಂಗಡಿಯಲ್ಲಿ ಅದರದ್ದೇ ಆಟಿಕೆ. 1979ರಲ್ಲಿ ಯೋಶಿಯುಕಿ ತೊಮಿನೊ ಎಂಬ ನಿರ್ದೇಶಕರು 'ಮೊಬೈಲ್ ಸೂಟ್ ಗಂಡಮ್' ಧಾರಾವಾಹಿಯಲ್ಲಿ ಈ ದಾರಿಯನ್ನೇ ಬದಲಿಸಿದರು. ಅಲ್ಲಿ ರೋಬೋಟ್ ಎಂದರೆ ಟ್ಯಾಂಕ್, ವಿಮಾನಗಳ ಹಾಗೆ ಸೈನ್ಯದ ಒಂದು ಆಯುಧ, ಅಷ್ಟೆ. ಎರಡೂ ಕಡೆ ಮನುಷ್ಯರೇ. ಮೊದಲಿಗೆ ಜನ ಅದನ್ನು ಅಷ್ಟಾಗಿ ನೋಡಲಿಲ್ಲ. ನಿಗದಿಗಿಂತ ಮೊದಲೇ 43 ಕಂತುಗಳಿಗೆ ಅದನ್ನು ಮುಗಿಸಲಾಯಿತು. ಮರುಪ್ರಸಾರವಾದಾಗ ಮತ್ತು 1980ರಿಂದ ಬಾಂದಾಯ್ ಕಂಪೆನಿಯ ಪ್ಲಾಸ್ಟಿಕ್ ಮಾದರಿಗಳು ಮಾರುಕಟ್ಟೆಗೆ ಬಂದಾಗ ಮಾತ್ರ ಜಪಾನಿನ ಮಕ್ಕಳು ಮುಗಿಬಿದ್ದರು. ಇಂದಿಗೂ ಗಂಡಮ್ ಹೆಸರಿನಲ್ಲಿ ಹೊಸ ಹೊಸ ಸರಣಿಗಳು ಬರುತ್ತಲೇ ಇವೆ. ಅವೆಲ್ಲವನ್ನೂ ನೋಡಿ ಎಂದು ನಾನು ಹೇಳುವುದಿಲ್ಲ, ಅಷ್ಟು ಸಮಯ ಯಾರಿಗಿದೆ! ನಾನು ಹೇಳಹೊರಟಿರುವುದು ಆರೇ ಆರು ಕಂತುಗಳ ಒಂದು ಕಿರುಸರಣಿಯ ಬಗ್ಗೆ.

'ಗಂಡಮ್ 0080: ಜೇಬಿನೊಳಗಿನ ಯುದ್ಧ' 1989ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬಂತು. ಟಿವಿಗಾಗಿ ಅಲ್ಲ, ನೇರವಾಗಿ ವೀಡಿಯೋ ಕ್ಯಾಸೆಟ್‌ಗಳಲ್ಲಿ. ತೊಮಿನೊ ಅವರ ಬದಲು ಫುಮಿಹಿಕೊ ತಕಯಾಮ ಇದನ್ನು ನಿರ್ದೇಶಿಸಿದರು, ಹಿರೋಯುಕಿ ಯಮಗಾ ಚಿತ್ರಕಥೆ ಬರೆದರು. ಒಂದೊಂದು ಕಂತು ಸುಮಾರು ಅರ್ಧ ಗಂಟೆ. ಹಿಂದಿನ ಧಾರಾವಾಹಿ ನೋಡಿರದಿದ್ದರೂ ತೊಂದರೆಯಿಲ್ಲ. ಇಷ್ಟು ತಿಳಿದಿದ್ದರೆ ಸಾಕು: ಮುಂದೊಂದು ಕಾಲದಲ್ಲಿ ಮನುಷ್ಯರು ಬಾಹ್ಯಾಕಾಶದಲ್ಲಿ ದೊಡ್ಡ ದೊಡ್ಡ ಉರುಳೆಯಂತಹ ವಸಾಹತುಗಳನ್ನು ಕಟ್ಟಿ ಅವುಗಳ ಒಳಮೈಯಲ್ಲಿ ವಾಸಿಸುತ್ತಿದ್ದಾರೆ. ಆ ಉರುಳೆ ತನ್ನ ಸುತ್ತ ತಾನೇ ತಿರುಗುವುದರಿಂದ ಒಳಗಿದ್ದವರ ಕಾಲು ನೆಲದಲ್ಲಿ ನಿಲ್ಲುತ್ತದೆ. (ಇದು ಬರಿಯ ಕಲ್ಪನೆಯಲ್ಲ; 1970ರ ದಶಕದಲ್ಲಿ ಜೆರಾರ್ಡ್ ಓನೀಲ್ ಎಂಬ ಅಮೆರಿಕದ ಭೌತವಿಜ್ಞಾನಿ ಲೆಕ್ಕ ಹಾಕಿ ಮುಂದಿಟ್ಟ ಯೋಜನೆ.) ಇಂತಹ ವಸಾಹತುಗಳಲ್ಲಿ ಒಂದು ಗುಂಪು ಝಿಯಾನ್ ಎಂಬ ಹೆಸರಿನಲ್ಲಿ ಭೂಮಿಯ ಒಕ್ಕೂಟದ ವಿರುದ್ಧ ಯುದ್ಧ ಸಾರಿದೆ.

ಕಥೆ ನಡೆಯುವುದು ಮಾತ್ರ ಯಾವ ಕಡೆಗೂ ಸೇರದ ಒಂದು ತಟಸ್ಥ ವಸಾಹತಿನಲ್ಲಿ. ಅಲ್ಲಿ ಆಲ್ ಎಂಬ ಶಾಲಾ ಹುಡುಗ. ತಂದೆತಾಯಿ ಬೇರೆ ಬೇರೆಯಾಗಿ ಬದುಕುತ್ತಿದ್ದಾರೆ, ಮಗನ ಮನಸ್ಸಿನಲ್ಲಿ ಏನಿದೆ ಎಂದು ಕೇಳಲು ತಾಯಿಗೆ ಬಿಡುವಿಲ್ಲ. ಹುಡುಗನಿಗೆ ಯುದ್ಧದ ಹುಚ್ಚು. ತರಗತಿಯ ಹುಡುಗರೆಲ್ಲ ಸೈನ್ಯದ ಬಿಲ್ಲೆಗಳನ್ನೂ ಖಾಲಿ ತೋಟಾಗಳನ್ನೂ ಸಂಗ್ರಹಿಸುತ್ತಾರೆ, ಯಾವ ಯಂತ್ರ ಹೆಚ್ಚು ಬಲಶಾಲಿ ಎಂದು ಜಗಳವಾಡುತ್ತಾರೆ. ಒಂದು ದಿನ ವಸಾಹತಿನೊಳಗೇ ಕಾಳಗ ನಡೆದಾಗ ಉಳಿದವರು ಅಡಗಿಕೊಳ್ಳಲು ಓಡಿದರೆ ಆಲ್ ಕ್ಯಾಮೆರಾ ಹಿಡಿದು ಕೆಳಗೆ ಬಿದ್ದ ಯಂತ್ರದ ಹಿಂದೆ ಓಡುತ್ತಾನೆ! ಅದರಲ್ಲಿದ್ದವನು ಬರ್ನಿ, ಝಿಯಾನ್ ಕಡೆಯ ಹತ್ತೊಂಬತ್ತರ ಹರೆಯದ ಹೊಸ ಸೈನಿಕ. ಬಂದೂಕು ಎದುರಿಗಿದ್ದರೂ ಹುಡುಗನಿಗೆ ಹೆದರಿಕೆಯಿಲ್ಲ, ಕಣ್ಣಲ್ಲಿ ಬರಿಯ ಕುತೂಹಲ.

ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವ ನನಗೆ ಈ ಹುಡುಗ ಅಪರಿಚಿತನೆನಿಸಲಿಲ್ಲ. ನೋಟ್‌ಪುಸ್ತಕದ ಕೊನೆಯ ಹಾಳೆ ತಿರುಗಿಸಿದರೆ ಬಂದೂಕು, ಟ್ಯಾಂಕ್, ಬೆಂಕಿ ಉಗುಳುವ ವಿಮಾನ. ವಾರ್ತೆಯಲ್ಲಿ ಬಾಂಬು ಬಿದ್ದ ಊರನ್ನು ತೋರಿಸಿದಾಗ ಅಳುವ ಹೆಂಗಸಿಗಿಂತ ಮೊದಲು ವಿಮಾನದ ಹೆಸರು ಕೇಳುವ ಮಕ್ಕಳಿದ್ದಾರೆ. ಅವರು ಕೆಟ್ಟ ಮಕ್ಕಳಲ್ಲ. ಯಂತ್ರ ಕಣ್ಣಿಗೆ ಕಾಣುತ್ತದೆ, ಸಾವು ಕಾಣುವುದಿಲ್ಲ.

ಆ ತಟಸ್ಥ ನೆಲದಲ್ಲಿ ಒಕ್ಕೂಟದವರು ಗುಟ್ಟಾಗಿ ಹೊಸ ಗಂಡಮ್ ಯಂತ್ರವೊಂದನ್ನು ಸಿದ್ಧಪಡಿಸುತ್ತಿದ್ದಾರೆ. ಅದನ್ನು ನಾಶಮಾಡಲು ಬಂದ ಸಣ್ಣ ತುಕಡಿಗೆ ಬರ್ನಿಯೂ ಸೇರುತ್ತಾನೆ. ಆಲ್ ಅವನನ್ನು ತನ್ನ ಅಣ್ಣನೆಂದು ಹೇಳಿ ನೆರೆಮನೆಯ ಕ್ರಿಸ್ ಎಂಬ ಯುವತಿಗೆ ಪರಿಚಯಿಸುತ್ತಾನೆ. (ಮೊದಲ ಭೇಟಿಯಲ್ಲಿ ಕಳ್ಳನೆಂದು ತಿಳಿದು ಅವಳು ಅವನಿಗೆ ಬ್ಯಾಟಿನಿಂದ ಬಾರಿಸುತ್ತಾಳೆ, ಇಡೀ ಕಥೆಯಲ್ಲಿ ಮನಸಾರೆ ನಗುವ ಜಾಗ ಇದು.) ಹುಡುಗ ಪ್ರೀತಿಸುವ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುತ್ತಾರೆ. ಆ ಗಂಡಮ್ ಯಂತ್ರವನ್ನು ಪರೀಕ್ಷಿಸಿ ನಡೆಸುವ ಪೈಲಟ್ ಕ್ರಿಸ್ ಎಂಬುದು ಬರ್ನಿಗೆ ತಿಳಿಯದು. ಅವನು ಶತ್ರು ಸೈನಿಕ ಎಂಬುದು ಅವಳಿಗೂ ತಿಳಿಯದು.

ಕೊನೆಯನ್ನು ಇಲ್ಲಿ ಹೇಳಿಬಿಡುತ್ತೇನೆ. ಕುತೂಹಲ ಕೆಡುತ್ತದೆ ನಿಜ, ಆದರೆ ಮಕ್ಕಳಿಗೆ ತೋರಿಸುವ ಮುನ್ನ ತಾಯಂದಿರಿಗೆ ಇದು ಗೊತ್ತಿರಬೇಕು. ತುಕಡಿಯ ದಾಳಿ ವಿಫಲವಾಗುತ್ತದೆ, ಬರ್ನಿಯ ಸಂಗಡಿಗರೆಲ್ಲ ಸಾಯುತ್ತಾರೆ, ಪೇಟೆಯ ಬೀದಿಗಳು ಉರಿಯುತ್ತವೆ. ಗಂಡಮ್ ನಾಶವಾಗದಿದ್ದರೆ ಇಡೀ ವಸಾಹತಿನ ಮೇಲೆ ಅಣುಬಾಂಬು ಹಾಕುವುದೆಂದು ಝಿಯಾನ್ ಅಧಿಕಾರಿಯೊಬ್ಬ ತೀರ್ಮಾನಿಸಿದ್ದಾನೆ. ಬರ್ನಿ ಓಡಿಹೋಗಬಹುದಿತ್ತು, ಬಾಹ್ಯಾಕಾಶ ನಿಲ್ದಾಣದವರೆಗೆ ಹೋಗುತ್ತಾನೆ ಕೂಡ. ಆದರೆ ಹಿಂತಿರುಗುತ್ತಾನೆ. ಮುರಿದುಬಿದ್ದ ತನ್ನ ಯಂತ್ರವನ್ನು ಹುಡುಗನ ಜೊತೆ ಸೇರಿ ರಿಪೇರಿ ಮಾಡಿ, ಕಾಡಿನಲ್ಲಿ ಬಲೆ ಹೂಡಿ, ಗಂಡಮ್ ಎದುರು ಒಂಟಿಯಾಗಿ ನಿಲ್ಲುತ್ತಾನೆ. ಅಷ್ಟರಲ್ಲಿ ಅಣುಬಾಂಬು ಹೊತ್ತ ಹಡಗುಗಳು ಸೆರೆಸಿಕ್ಕಿದ ಸುದ್ದಿ ಆಲ್‌ಗೆ ತಿಳಿಯುತ್ತದೆ. ಇನ್ನು ಕಾದಾಡಬೇಕಾದ ಅಗತ್ಯವೇ ಇಲ್ಲ! ನಿಲ್ಲಿಸಿ, ನಿಲ್ಲಿಸಿ ಎಂದು ಹುಡುಗ ಓಡುತ್ತಾನೆ. ಅವನು ತಲುಪುವಾಗ ಎಲ್ಲ ಮುಗಿದಿರುತ್ತದೆ. ತಾನು ಯಾರನ್ನು ಕೊಂದೆ ಎಂಬುದು ಕ್ರಿಸ್‌ಗೆ ಕೊನೆಗೂ ತಿಳಿಯುವುದಿಲ್ಲ. ಊರು ಬಿಟ್ಟು ಹೋಗುವಾಗ ಅವಳು ಬರ್ನಿಗೆ ತನ್ನ ನೆನಪು ಹೇಳು ಎನ್ನುತ್ತಾಳೆ. ಹುಡುಗ ನಿಜವನ್ನು ಎದೆಯಲ್ಲೇ ಇಟ್ಟುಕೊಳ್ಳುತ್ತಾನೆ. ಬರ್ನಿ ಬಿಟ್ಟುಹೋದ ವೀಡಿಯೋದಲ್ಲಿ, ತಾನು ಸತ್ತರೆ ಆ ಗಂಡಮ್ ಪೈಲಟ್‌ನನ್ನು ದ್ವೇಷಿಸಬೇಡ ಎಂಬ ಮಾತಿದೆ.

ಇಲ್ಲಿ ಯಾರನ್ನೂ ರಾಕ್ಷಸನಂತೆ ಚಿತ್ರಿಸಿಲ್ಲ, ಯಾರ ಬಾಯಿಂದಲೂ ಶಾಂತಿಯ ಭಾಷಣ ಮಾಡಿಸಿಲ್ಲ. ಭಾಷಣ ಮಾಡುವವರು ಶಾಲೆಯ ಮುಖ್ಯಸ್ಥರೊಬ್ಬರೇ. ಯುದ್ಧ ಮುಗಿದ ಬಳಿಕ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅವರು ಮಾತನಾಡುವಾಗ ಆಲ್ ಬಿಕ್ಕಿ ಬಿಕ್ಕಿ ಅಳುತ್ತಾನೆ. ಯುದ್ಧ ನಿಂತಿತೆಂಬ ಬೇಸರವಿರಬೇಕೆಂದು ಗೆಳೆಯರು ಸಮಾಧಾನ ಹೇಳುತ್ತಾರೆ: ಅಳಬೇಡ, ಬೇಗನೆ ಇನ್ನೊಂದು ಯುದ್ಧ ಬಂದೇ ಬರುತ್ತದೆ, ಇದಕ್ಕಿಂತ ದೊಡ್ಡದು ಎಂದು. ಕೆಲವು ದಿನಗಳ ಹಿಂದೆ ಆಲ್ ಕೂಡ ಇದೇ ಮಾತು ಹೇಳುತ್ತಿದ್ದ.

ಒಂದು ವಿಷಯ ಮಾತ್ರ ನನಗೆ ಈಗಲೂ ಸರಿಯೆನಿಸುವುದಿಲ್ಲ. ಈ ಕಥೆಯ ಯಂತ್ರಗಳ ಪ್ಲಾಸ್ಟಿಕ್ ಮಾದರಿಗಳನ್ನೂ ಪೆಟ್ಟಿಗೆಯಲ್ಲಿ ತುಂಬಿ ಮಕ್ಕಳಿಗೆ ಮಾರಲಾಗುತ್ತದೆ. ಬರ್ನಿ ಸತ್ತ ಯಂತ್ರವೂ ಅದರಲ್ಲಿದೆ, ಅವನನ್ನು ಕೊಂದ ಯಂತ್ರವೂ ಇದೆ. ಆಟಿಕೆ ಕಂಪೆನಿಯ ಹಣದಿಂದಲೇ ಇಂತಹ ಕಥೆ ತಯಾರಾಯಿತೆಂಬುದು ಸೋಜಿಗವೋ ವ್ಯಾಪಾರವೋ, ಓದುಗರೇ ಹೇಳಲಿ.

ಮೂಲ ಜಪಾನೀ ಭಾಷೆಯದು. ಇಂಗ್ಲಿಷ್ ಧ್ವನಿ ಮತ್ತು ಇಂಗ್ಲಿಷ್ ಅಡಿಬರಹಗಳಿರುವ ಡಿವಿಡಿಗಳೂ ಬಂದಿವೆ. ರಕ್ತ, ಸಾವುಗಳ ದೃಶ್ಯಗಳಿರುವುದರಿಂದ ಹತ್ತು ವರ್ಷದ ಒಳಗಿನ ಮಕ್ಕಳಿಗೆ ಬೇಡ. ದೊಡ್ಡ ಮಕ್ಕಳಿಗೆ ರಜೆಯಲ್ಲಿ ದಿನಕ್ಕೊಂದು ಕಂತಿನಂತೆ ತೋರಿಸಿ, ನೀವೂ ಜೊತೆಗೆ ಕುಳಿತುಕೊಳ್ಳಿ. ನಾಲ್ಕನೆಯ ಕಂತಿನ ನಂತರ ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳತೊಡಗುತ್ತಾರೆ. ಕೊನೆಯ ಕಂತನ್ನು ಮಲಗುವ ಹೊತ್ತಿಗೆ ತೋರಿಸಬೇಡಿ.