ಪಕ್ಕದ ಮನೆಗೆ ಕೇಳಿದ ಸಿಳ್ಳೆ

ಎಡಗೈಯಲ್ಲಿ ರಟ್ಟಿನ ಕೊಳವೆ, ಬಲಗೈ ಬೆರಳ ಸಂದಿಯಲ್ಲಿ ಎನಾಮೆಲ್ ತಂತಿ. ಸುತ್ತಬೇಕಾದದ್ದು 80 ಸುತ್ತು. ಅರವತ್ತೇಳು, ಅರವತ್ತೆಂಟು... “ಹಾಲು ಉಕ್ಕತ್ತೆ, ನೋಡೋ!” ಎಂದು ಅಮ್ಮ ಕೂಗಿದ್ದೇ ತಡ, ಲೆಕ್ಕ ತಪ್ಪಿತು, ಬೆರಳು ಸಡಿಲಿತು. ಸುತ್ತಿದ್ದೆಲ್ಲ ಸುರುಳಿ ಸುರುಳಿಯಾಗಿ ಬಿಚ್ಚಿ ತೊಡೆಯ ಮೇಲೆ ಬಿತ್ತು. ಮತ್ತೆ ಒಂದರಿಂದ ಶುರು.

ಅರವತ್ತರ ದಶಕದ ಮೈಸೂರು ಅದು. ಲ್ಯಾನ್ಸ್‌ಡೌನ್ ಕಟ್ಟಡದ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ ಪತ್ರಿಕೆಯೊಂದರಲ್ಲಿ ಒಂದೇ ವಾಲ್ವಿನ ರೇಡಿಯೋದ ನಕ್ಷೆಯಿತ್ತು. ರಿಪೇರಿ ಅಂಗಡಿಯವರು ಕೆಟ್ಟ ಸೆಟ್ಟೊಂದರ ಗ್ಯಾಂಗ್ ಕಂಡೆನ್ಸರನ್ನೂ ಪವರ್ ಸಪ್ಲೈಯನ್ನೂ ಬಿಚ್ಚಿಕೊಟ್ಟರು. ವಾಲ್ವು 6ಎಸ್‌ಎನ್7. ಒಂದೇ ಗಾಜಿನೊಳಗೆ ಎರಡು ಟ್ರಯೋಡ್. ಒಂದು ದನಿ ಹಿಡಿಯುವುದಕ್ಕೆ, ಇನ್ನೊಂದು ಹಿಗ್ಗಿಸುವುದಕ್ಕೆ. ಹೆಂಚಿನ ಮೇಲೆ ಎರಡು ಬಿದಿರಿನ ನಡುವೆ ಏರಿಯಲ್ ತಂತಿ. ಅರ್ತ್ ತಂತಿಗೆ ತುಳಸಿಕಟ್ಟೆಯ ಬುಡ. ಅಜ್ಜಿ ದಿನಾ ನೀರೆರೆಯುತ್ತಿದ್ದ ಆ ಮಣ್ಣು ಬೇಸಿಗೆಯಲ್ಲೂ ಒಣಗುತ್ತಿರಲಿಲ್ಲ.

ಸ್ವಿಚ್ ಒತ್ತಿದರೆ ಮೊದಲಿಗೆ ಏನೂ ಇಲ್ಲ. ಆಮೇಲೆ ಗಾಜಿನ ಹೊಟ್ಟೆಯೊಳಗೆ ಬೂದಿ ಸರಿಸಿದ ಕೆಂಡದಂತೆ ಮೆಲ್ಲಗೆ ಕೆಂಪು. ಬೆಚ್ಚಗಾದ ಧೂಳಿನ ವಾಸನೆ. ಹೆಡ್‌ಫೋನಿನಲ್ಲಿ ಗುಂಯ್ ಎನ್ನುವ ಸದ್ದು, ಅದರಾಚೆ ಬಾವಿಯೊಳಗಿಂದ ಮಾತಾಡಿದ ಹಾಗೆ ಯಾರದೋ ದನಿ.

“ಟಿಕ್ಲರ್ ಉಲ್ಟಾ ಹಾಕಿದೀಯ. ಎರಡು ತುದಿ ಅದಲುಬದಲು ಮಾಡು,” ಎಂದರು ಕೇಳಲು ಹೋದಾಗ ರಿಪೇರಿ ಅಂಗಡಿಯವರು. ಟಿಕ್ಲರ್ ಎಂದರೆ ದೊಡ್ಡ ಸುತ್ತಿನ ಪಕ್ಕದ ಪುಟ್ಟ ಸುತ್ತು. ವಾಲ್ವು ಬಲಪಡಿಸಿದ ಸಂಕೇತದಲ್ಲಿ ಒಂದು ಪಾಲನ್ನು ಅದು ಮತ್ತೆ ಮುಂಬಾಗಿಲಿಗೇ ತಂದುಬಿಡುತ್ತದೆ. ಹೊತ್ತರಿತು ನೂಕಿದರೆ ಜೋಕಾಲಿ ಮೇಲೇರುತ್ತದೆ, ಎದುರಿಂದ ನೂಕಿದರೆ ನಿಲ್ಲುತ್ತದೆ. ನಾನು ಎದುರಿಂದ ನೂಕಿದ್ದೆ. ಸಂಕೇತವನ್ನು ಹೀಗೆ ಮರಳಿ ತರುವುದು ಅಮೆರಿಕದ ಆರ್ಮ್‌ಸ್ಟ್ರಾಂಗ್ 1914ರಲ್ಲೇ ಪೇಟೆಂಟ್ ಪಡೆದ ಉಪಾಯ. ಸ್ವಿಚ್ ಆರಿಸಿ ಆತುರದಲ್ಲಿ ಕೈಯಿಟ್ಟೆ. ಆರಿಸಿದ ಮೇಲೂ ಪವರ್ ಸಪ್ಲೈಯ ಕಂಡೆನ್ಸರ್ ಕರೆಂಟನ್ನು ಬಚ್ಚಿಟ್ಟುಕೊಂಡಿರುತ್ತದೆ ಎಂಬ ಪಾಠ ಮೊಣಕೈವರೆಗೆ ಜುಮ್ಮೆಂದು ಹತ್ತಿತು.

ಸಂಜೆ ಮತ್ತೆ ಹಚ್ಚಿದಾಗ ಬೆಂಗಳೂರು ಕೇಂದ್ರ ಕಿವಿಯ ಪಕ್ಕದಲ್ಲೇ ಕೂತು ಮಾತಾಡಿತು. ಕೈ ಹತ್ತಿರ ತಂದರೆ ದನಿ ಓಲಾಡುತ್ತಿತ್ತು. ಟಿಕ್ಲರ್ ಮರಳಿಸುವ ಪಾಲನ್ನು ಹೆಚ್ಚಿಸುವ ರಿಯಾಕ್ಷನ್ ನಾಬನ್ನು ಕೂದಲೆಳೆಯಷ್ಟು ತಿರುಗಿಸಿದರೆ ಇನ್ನೂ ಜೋರು. ಆಸೆಗೆ ಇನ್ನಷ್ಟು ತಿರುಗಿಸಿದೆ. ಸುಂಯ್ ಎಂದು ಸಿಳ್ಳೆ! ದನಿ ಹಿಡಿಯಬೇಕಾದ ವಾಲ್ವು ತಾನೇ ತರಂಗ ಹುಟ್ಟಿಸತೊಡಗಿತ್ತು. ಅದು ಏರಿಯಲ್ ಹತ್ತಿ ಬೀದಿಗೂ ಹೊರಟಿತ್ತು.

ಪಕ್ಕದ ಮನೆಯ ರಾಯರು ಜಗಲಿಗೆ ಬಂದರು. ಅವರ ರೇಡಿಯೋದಲ್ಲಿ ವಾರ್ತೆಯ ನಡುವೆ ಸಿಳ್ಳೆ. ನಮ್ಮ ಬಾಗಿಲಲ್ಲಿ ನಿಂತು ನನ್ನ ಹಲಗೆ, ತಂತಿ, ಕೆಂಪಗೆ ಉರಿಯುತ್ತಿದ್ದ ವಾಲ್ವು ಎಲ್ಲವನ್ನೂ ನೋಡಿದರು. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರುಮಾಡಿದ ಊರು ಇದು. ಬೈಗುಳಕ್ಕೆ ಕಾದು ಕೂತೆ.

“ಗೋಪಾಲಸ್ವಾಮಿ ಮೇಷ್ಟ್ರಾದ ಮೇಲೆ ನೀನೇ ಕಣೋ ಮನೇಲಿ ಸ್ಟೇಷನ್ ಹಾಕಿದ್ದು,” ಎಂದರು ರಾಯರು. “ವಾರ್ತೆ ಮುಗಿಯೋವರೆಗೆ ನಿನ್ನ ಪ್ರಸಾರ ನಿಲ್ಲಿಸು.”